ಬಾಗಿಲಿಗೆ ಅಡ್ಡ ಇಟ್ಟ ತೆಂಗಿನಕಾಯಿ: ಫೈರ್ ಡೋರಿನ ಕ್ಲೋಸರ್ ನೋಡಿಕೊಳ್ಳುವ ಕ್ರಮ

ಕಳೆದ ಮಳೆಗಾಲ ಕಾಸರಗೋಡು ಪೇಟೆಯ ಒಂದು ಫ್ಲ್ಯಾಟಿಗೆ ಹೋಗಿದ್ದೆ. ಲಿಫ್ಟು ಕೆಟ್ಟಿತ್ತು, ಮೇಲಿನ ಕೆಲಸ ಮುಗಿಸಿ ಮೆಟ್ಟಿಲಿಳಿದು ಬಂದೆ. ನಾಲ್ಕನೇ ಮಹಡಿಯಲ್ಲಿ ಮೆಟ್ಟಿಲಿಗೆ ತೆರೆಯುವ ಬೂದು ಬಣ್ಣದ ಕಬ್ಬಿಣದ ಬಾಗಿಲು, ಬೆಂಕಿ ತಡೆಯುವ ಫೈರ್ ಡೋರ್. ಅದರ ಬುಡದಲ್ಲಿ ಸುಲಿಯದ ಒಂದು ತೆಂಗಿನಕಾಯಿ. ಮೂರನೇ ಮಹಡಿಯ ಬಾಗಿಲಿಗೆ ಮುರಕಲ್ಲಿನ ತುಂಡು. ಎರಡನೆಯದಕ್ಕೆ ಇಪ್ಪತ್ತು ಲೀಟರಿನ ನೀರಿನ ಕ್ಯಾನು. ಒಂದನೇ ಮಹಡಿಯಲ್ಲಿ ಅಡ್ಡ ಏನೂ ಕಾಣಲಿಲ್ಲ. ಪರವಾಗಿಲ್ಲ ಅಂದುಕೊಂಡು ಹತ್ತಿರ ಹೋದರೆ ಕ್ಲೋಸರಿನ, ಅಂದರೆ ಬಾಗಿಲನ್ನು ತಾನಾಗಿ ಮುಚ್ಚುವ ಪೆಟ್ಟಿಗೆಯ, ಕೈಯನ್ನೇ ಬಿಚ್ಚಿ ತೆಗೆದಿದ್ದಾರೆ.

ಬಾಗಿಲಿನ ಅಂಚಿಗೆ ಹೊಡೆದ ಪುಟ್ಟ ತಗಡಿನಲ್ಲಿ 120 ನಿಮಿಷ ಎಂದಿತ್ತು. ಮುಚ್ಚಿದ್ದರೆ ಎರಡು ಗಂಟೆ ಬೆಂಕಿಯನ್ನು ಆಚೆ ನಿಲ್ಲಿಸಬಲ್ಲ ಬಾಗಿಲು. ಹೀಗೆ ಹಾರುಹೊಡೆದು ಇಟ್ಟರೆ ಎರಡು ಸೆಕೆಂಡೂ ಇಲ್ಲ.

ನಾನು ಶಾರ್ಜಾ, ದುಬೈ ಕಡೆ ಕಟ್ಟಡಗಳ ಮೇಂಟೆನೆನ್ಸಿನಲ್ಲಿ ಹದಿನಾಲ್ಕು ವರ್ಷ ದುಡಿದು ಕುಂಬಳೆಗೆ ಮರಳಿದವನು. ಅಲ್ಲಿ ಎಸಿಗೆ ಒಬ್ಬ, ಲಿಫ್ಟಿಗೆ ಒಬ್ಬ. ನನ್ನ ಪಾಲಿಗೆ ಬಂದದ್ದು ಬಾಗಿಲು. ಈಗ ನಮ್ಮಲ್ಲೂ ಹೆದ್ದಾರಿಯ ಉದ್ದಕ್ಕೆ, ಹೊಸಂಗಡಿ, ಉಪ್ಪಳದಿಂದ ಕಾಞಂಗಾಡಿನವರೆಗೆ, ಐದಾರು ಮಾಳಿಗೆಯ ಕಟ್ಟಡಗಳು ಎದ್ದಿವೆ. ಫೈರ್ ಡೋರ್ ಇಟ್ಟಿರುತ್ತಾರೆ, ಅಗ್ನಿಶಾಮಕದವರ ಒಪ್ಪಿಗೆ ಪತ್ರಕ್ಕೆ, ಎನ್‌ಒಸಿಗೆ ಬೇಕಲ್ಲ. ಆಮೇಲೆ ಅದನ್ನು ನೋಡುವವರಿಲ್ಲ. ಅಸೋಸಿಯೇಷನ್ನಿನ ಕಾರ್ಯದರ್ಶಿಗಳು, ವಾಚ್‌ಮನ್ನರು, ಕೆಳಗೆ ಅಂಗಡಿ ಮೇಲೆ ಮನೆ ಮಾಡಿಕೊಂಡವರು ತಾವೇ ಮಾಡಬಹುದಾದಷ್ಟನ್ನು ಇಲ್ಲಿ ಬರೆಯುತ್ತೇನೆ.

ಮೊದಲು, ಹೊಗೆಯ ವಿಷಯ

ಬೆಂಕಿ ಬಿದ್ದ ಕಟ್ಟಡದಲ್ಲಿ ಸುಟ್ಟು ಸಾಯುವವರಿಗಿಂತ ಹೊಗೆ ಕುಡಿದು ಸಾಯುವವರೇ ಹೆಚ್ಚು. ಬಿಸಿ ಹೊಗೆ ಮೇಲಕ್ಕೆ ಏರುತ್ತದೆ. ಹಳೆ ಮನೆಯ ಬಚ್ಚಲೊಲೆಗೆ ಇಟ್ಟ ಹೊಗೆಕೊಳವೆ ಹೇಗೆ ಹೊಗೆಯನ್ನು ಎಳೆದುಕೊಳ್ಳುತ್ತದೋ, ಮೆಟ್ಟಿಲಿನ ಗೂಡೂ ಹಾಗೇ ಎಳೆದುಕೊಳ್ಳುತ್ತದೆ. ವ್ಯತ್ಯಾಸ ಒಂದೇ, ಈ ಕೊಳವೆಯೊಳಗೆ ಜನ ಇಳಿದು ಬರುತ್ತಿರುತ್ತಾರೆ.

2022ರ ಜನವರಿ 9ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 19 ಮಹಡಿಯ ವಸತಿ ಕಟ್ಟಡವೊಂದರ ಕೆಳಗಿನ ಫ್ಲ್ಯಾಟಿನಲ್ಲಿ ಕರೆಂಟ್ ಹೀಟರಿನಿಂದ ಬೆಂಕಿ ಹತ್ತಿತು. ಬೆಂಕಿ ಆ ಮನೆಯನ್ನೂ ಅದರ ಹೊರಗಿನ ಪಡಸಾಲೆಯನ್ನೂ ದಾಟಿ ಹೆಚ್ಚು ಹೋಗಲಿಲ್ಲ. ಸತ್ತವರು ಮಾತ್ರ 17 ಮಂದಿ, ಅದರಲ್ಲಿ 8 ಮಕ್ಕಳು. ಮನೆಯವರು ಓಡಿ ಹೊರಬಂದಾಗ ತಾನಾಗಿ ಮುಚ್ಚಿಕೊಳ್ಳಬೇಕಿದ್ದ ಬಾಗಿಲು ಮುಚ್ಚಲಿಲ್ಲ. ಮೇಲೆ ಹದಿನೈದನೇ ಮಹಡಿಯ ಮೆಟ್ಟಿಲಿನ ಬಾಗಿಲೂ ತೆರೆದೇ ಇತ್ತು. ಹೊಗೆ ಇಡೀ ಕಟ್ಟಡ ತುಂಬಿತು. ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 2017ರಲ್ಲಿ 72 ಜನ ಹೋದರಲ್ಲ, ಆ ತನಿಖೆಯಲ್ಲೂ ಹಲವು ಫ್ಲ್ಯಾಟುಗಳ ಬಾಗಿಲಿಗೆ ಕ್ಲೋಸರ್ ಇರಲಿಲ್ಲ ಅಥವಾ ಇದ್ದದ್ದು ಕೆಲಸ ಮಾಡುತ್ತಿರಲಿಲ್ಲ ಎಂಬುದು ಹೊರಬಂತು. ನಮಗೆ ಹತ್ತಿರದ್ದು ಬೇಕಿದ್ದರೆ 2010ರ ಫೆಬ್ರವರಿ 23, ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್. ಸತ್ತವರು 9 ಮಂದಿ. ಹೊಗೆ ತಾಳಲಾರದೆ ಕಿಟಕಿಯಿಂದ ಜಿಗಿದವರೂ ಅವರಲ್ಲಿದ್ದರು.

ನಮ್ಮ ದೇಶದಲ್ಲಿ 2016ರ ನ್ಯಾಷನಲ್ ಬಿಲ್ಡಿಂಗ್ ಕೋಡಿನ ನಾಲ್ಕನೇ ಭಾಗ ಬೆಂಕಿಯ ಸುರಕ್ಷತೆಗೇ ಮೀಸಲು. ಫೈರ್ ಡೋರ್ ತಾನಾಗಿ ಮುಚ್ಚಿಕೊಳ್ಳುವಂತಿರಬೇಕು ಎಂಬುದು ಅದರಲ್ಲಿದೆ. ಯಾಕೆಂದರೆ ಓಡುವವನು ಬಾಗಿಲು ಎಳೆದುಕೊಂಡು ಹೋಗುವುದಿಲ್ಲ. ಹೆಗಲಿಗೆ ಮಗು, ಕೈಯಲ್ಲಿ ಅಮ್ಮನ ಕೈ, ಅವನಿಗೆ ಬಾಗಿಲಿನ ನೆನಪು ಎಲ್ಲಿ? ಅವನ ಬೆನ್ನ ಹಿಂದೆ ಆ ಕೆಲಸ ಮಾಡುವುದೇ ಕ್ಲೋಸರ್.

1. ಬಾಗಿಲುಗಳನ್ನು ಲೆಕ್ಕ ಮಾಡಿ, ಅಂಕೆ ಹಾಕಿ

ಮೆಟ್ಟಿಲಿನ ಬಾಗಿಲು, ಲಿಫ್ಟಿನ ಪಡಸಾಲೆಯ ಬಾಗಿಲು, ಜನರೇಟರ್ ಕೋಣೆ, ಎಲೆಕ್ಟ್ರಿಕಲ್ ಪ್ಯಾನೆಲ್ ಇರುವ ಕೋಣೆ, ತಳದ ಪಾರ್ಕಿಂಗಿನಿಂದ ಮೇಲೆ ಬರುವ ಬಾಗಿಲು: ಸಾಮಾನ್ಯವಾಗಿ ಇಷ್ಟು ಜಾಗಗಳಲ್ಲಿ ಸಿಗುತ್ತವೆ. ತಿರುಗಣೆ (ಹಿಂಜ್) ಇರುವ ಅಂಚಿನಲ್ಲಿ ತಗಡಿನ ಪಟ್ಟಿ ಹುಡುಕಿ. ಎಷ್ಟೋ ಕಡೆ ಅದರ ಮೇಲೆ ಪೇಂಟ್ ಬಳಿದಿರುತ್ತಾರೆ, ಉಗುರಿನಿಂದ ಕೆರೆದರೆ ಕಾಣುತ್ತದೆ. ಭಾರತದ ಮಾನಕ ಐಎಸ್ 3614. ಆ ಅಂಕೆ, ನಿಮಿಷಗಳ ಲೆಕ್ಕ ಎರಡೂ ಇದ್ದರೆ ಒಳ್ಳೆಯದು. ಪ್ರತಿ ಬಾಗಿಲಿಗೂ ಚೌಕಟ್ಟಿನ ಮೇಲ್ಗಡೆ ಮಾರ್ಕರಿನಲ್ಲಿ ಒಂದು ನಂಬರ್ ಬರೆದುಬಿಡಿ. ‘ಆಚೆ ಕಡೆಯ ಬಾಗಿಲು’ ಎಂದು ಫೋನಿನಲ್ಲಿ ಹೇಳಿ ಹೇಳಿ ಒಂದು ಗಂಟೆ ಹಾಳು ಮಾಡಿದವನು ನಾನು.

2. ಮೂರು ಸಲ ತೆರೆದು ಕೈಬಿಡಿ

ಉಪಕರಣ ಬೇಡ. ಬಾಗಿಲನ್ನು ಪೂರ್ತಿ 90 ಡಿಗ್ರಿ ತೆರೆದು ಕೈಬಿಡಿ. ಮುಚ್ಚಬೇಕು, ಮುಚ್ಚಿ ಚಿಲಕದ ನಾಲಗೆ ‘ಟಕ್’ ಎಂದು ಕೂರಬೇಕು. ಎರಡನೇ ಸಲ ಅರ್ಧ ತೆರೆದು ಬಿಡಿ. ಮೂರನೇ ಸಲ ಬರೀ ಒಂದು ಅಂಗೈ ಅಗಲದಷ್ಟು.

ಹೆಚ್ಚಿನ ಬಾಗಿಲುಗಳು ಸೋಲುವುದು ಈ ಮೂರನೆಯದರಲ್ಲಿ. ಪೂರ್ತಿ ತೆರೆದಾಗ ಬರುವ ವೇಗ ಅದನ್ನು ಕೊನೆಯವರೆಗೆ ತಳ್ಳಿಬಿಡುತ್ತದೆ. ಅಂಗೈ ಅಗಲದಿಂದ ಬಿಟ್ಟಾಗ ಸ್ಪ್ರಿಂಗಿನ ನಿಜವಾದ ಬಲ ಎಷ್ಟು ಎಂದು ಗೊತ್ತಾಗುತ್ತದೆ. ಮುಚ್ಚಿದಂತೆ ಕಂಡು ಚಿಲಕ ಕೂರದಿದ್ದರೆ ಅದು ಮುಚ್ಚಿದ ಲೆಕ್ಕಕ್ಕೆ ಬರುವುದಿಲ್ಲ. ಬೆಂಕಿಯ ಕೋಣೆಯಲ್ಲಿ ಗಾಳಿ ಬಿಸಿಯಾಗಿ ಉಬ್ಬಿದಾಗ ಆ ಒತ್ತಡಕ್ಕೆ ಬಾಗಿಲು ಮೆಲ್ಲನೆ ತೆರೆದುಕೊಳ್ಳುತ್ತದೆ.

ಜೊತೆಗೆ ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದು ನೋಡಿ. 3 ಮಿಲಿಮೀಟರ್ ಆಸುಪಾಸು ಇರಬೇಕು. ಸ್ಕೇಲು ಇಲ್ಲದಿದ್ದರೆ ಹತ್ತು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಹಿಡಿಯಿರಿ, ಸುಮಾರು ಮೂರೂವರೆ ಮಿಲಿಮೀಟರ್ ಆಗುತ್ತದೆ. ಅದು ಸಂದಿನಲ್ಲಿ ಸಡಿಲವಾಗಿ ಓಡಾಡಿದರೆ ಸಂದು ದೊಡ್ಡದಾಯಿತು. ಸಂದಿನಲ್ಲಿ ಕಪ್ಪು ಅಥವಾ ಬಿಳಿ ಪಟ್ಟಿಯೊಂದು ಇರುತ್ತದೆ. ಬಿಸಿಗೆ ಉಬ್ಬಿ ಸಂದು ಮುಚ್ಚುವ ವಸ್ತು ಅದು. ‘ಎಂತದೋ ರಬ್ಬರು’ ಎಂದು ಪೇಂಟರು ಕಿತ್ತೆಸೆದದ್ದನ್ನು ನೋಡಿದ್ದೇನೆ. ಕೀಳಬೇಡಿ, ಅದರ ಮೇಲೆ ಪೇಂಟೂ ಬಳಿಯಬೇಡಿ.

3. ಕಲ್ಲು ತೆಗೆಯುವ ಮೊದಲು, ಕಲ್ಲು ಯಾಕೆ ಬಂತು ಎಂದು ಕೇಳಿ

ಇಡೀ ಲೇಖನದಲ್ಲಿ ಇದೊಂದನ್ನು ಓದಿದರೂ ಸಾಕು. ‘ಬಾಗಿಲಿಗೆ ಅಡ್ಡ ಇಡಬಾರದು’ ಎಂದು ಬೋರ್ಡು ಹಾಕಿ, ಕಲ್ಲು ಎತ್ತಿ ಬಿಸಾಡಿ ಹೋದರೆ ಸಂಜೆಗೆ ಇನ್ನೊಂದು ಕಲ್ಲು ಬಂದಿರುತ್ತದೆ. ಜನಕ್ಕೆ ಬುದ್ಧಿ ಇಲ್ಲ ಎನ್ನುವುದು ಸುಲಭ. ಆ ಬಾಗಿಲು ಅವರಿಗೆ ದಿನಾ ಏನೋ ತೊಂದರೆ ಕೊಡುತ್ತಿರುತ್ತದೆ, ಅದು ತಿಳಿಯದೆ ಏನೂ ಆಗುವುದಿಲ್ಲ.

ಆ ಫ್ಲ್ಯಾಟಿನಲ್ಲಿ ನಾನು ನಾಲ್ಕೂ ಮಹಡಿಯಲ್ಲಿ ಕೇಳಿದೆ. ನಾಲ್ಕು ಬೇರೆ ಬೇರೆ ಉತ್ತರ.

ನಾಲ್ಕನೇ ಮಹಡಿಯ ತೆಂಗಿನಕಾಯಿ ಒಬ್ಬ ಅಜ್ಜಿಯದು. ಬೆಳಿಗ್ಗೆ ಐದಕ್ಕೆ ಹಾಲಿನವನು ಬಂದು ಹೋಗುವಾಗ ಬಾಗಿಲು ಧಡಾರ್ ಎಂದು ಬಡಿಯುತ್ತಿತ್ತು, ಅವರ ಮಲಗುವ ಕೋಣೆಯ ಗೋಡೆಯೇ ಅದರ ಪಕ್ಕ. ‘ಎದೆ ಒಡೆದು ಹೋಗ್ತದೆ ಮಾರಾಯಾ’ ಅಂದರು. ಇದು ಕ್ಲೋಸರಿನ ಸ್ಕ್ರೂ ತಿರುಗಿಸಿದರೆ ಹೋಗುವ ಕಾಯಿಲೆ. ಹತ್ತು ನಿಮಿಷದ ಕೆಲಸ.

ಮೂರನೇ ಮಹಡಿಯ ಮುರಕಲ್ಲಿಗೆ ಕಾರಣ ಗಾಳಿ. ಕರೆಂಟ್ ಹೋದರೆ ಪಡಸಾಲೆಯಲ್ಲಿ ಉಸಿರು ಕಟ್ಟುತ್ತದೆ, ಮೆಟ್ಟಿಲಿನ ಕಡೆಯಿಂದ ತಣ್ಣಗೆ ಬರುತ್ತದೆ. ಮೆಟ್ಟಿಲಿನಿಂದ ಗಾಳಿ ಬರುವ ದಾರಿಯೇ ಹೊಗೆ ಬರುವ ದಾರಿ, ಆದ್ದರಿಂದ ಇದಕ್ಕೆ ಬಾಗಿಲಿನಲ್ಲಿ ಮದ್ದಿಲ್ಲ. ಪಡಸಾಲೆಯ ತುದಿಯ ಕಿಟಕಿಗೆ ಪಾರಿವಾಳದ ಕಾಟವೆಂದು ಪ್ಲೈವುಡ್ ಹೊಡೆದಿದ್ದರು. ಅದನ್ನು ಕಿತ್ತು ಬಲೆ ಹಾಕಿಸಲು ಹೇಳಿದೆ.

ಎರಡನೆಯದು ನೀರಿನ ಕ್ಯಾನು. ಲಿಫ್ಟು ಕೆಟ್ಟಾಗ ಕ್ಯಾನು ಹೊತ್ತು ತರುವ ಹುಡುಗ ಎರಡೂ ಕೈ ತುಂಬಿಕೊಂಡು ಬಾಗಿಲು ನೂಕಲಾರ. ಒಂದು ಕ್ಯಾನನ್ನು ಅಡ್ಡ ಇಟ್ಟು ಉಳಿದವನ್ನು ಸಾಗಿಸುತ್ತಾನೆ, ಖಾಲಿ ಕ್ಯಾನು ಅಲ್ಲೇ ಉಳಿಯುತ್ತದೆ. ಹೊರೆ ಸಾಗಿಸುವಷ್ಟು ಹೊತ್ತು ಒಬ್ಬರು ಬಾಗಿಲು ಹಿಡಿದು ನಿಲ್ಲಲಿ, ಮುಗಿದ ಮೇಲೆ ವಾಚ್‌ಮನ್ ಒಮ್ಮೆ ಮೇಲೆ ಹೋಗಿ ನೋಡಲಿ. ಇಲ್ಲಿ ಬೇಕಾದದ್ದು ಶಿಸ್ತು, ಸ್ಕ್ರೂಡ್ರೈವರ್ ಅಲ್ಲ.

ಒಂದನೆಯದು ನನಗೆ ಬೇಸರ ತಂದದ್ದು. ವಾಕರ್ ಹಿಡಿದು ನಡೆಯುವ ಹಿರಿಯರೊಬ್ಬರಿಗೆ ಬಾಗಿಲು ಎಳೆಯಲಾಗುತ್ತಿರಲಿಲ್ಲ; ಮಗ ಸಿಟ್ಟಿನಿಂದ ಕ್ಲೋಸರಿನ ಕೈ ಬಿಚ್ಚಿದ್ದ. ಕೈಯನ್ನು ಮತ್ತೆ ಜೋಡಿಸಿ, ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಹಿಡಿಗೆ ಸಿಕ್ಕಿಸಿ ಎಳೆದು ನೋಡಿದೆ, ಒಂಬತ್ತು ಕಿಲೋ ದಾಟಿದ ಮೇಲೆ ಬಾಗಿಲು ಜಗ್ಗಿತು. ತಿರುಗಣೆಗೆ ತುಕ್ಕು ಹಿಡಿದಿತ್ತು. ಎಣ್ಣೆ ಹಾಕಿ, ಸ್ಪ್ರಿಂಗಿನ ಬಲ ಸ್ವಲ್ಪ ಇಳಿಸಿದ ಮೇಲೆ ಆರಕ್ಕೆ ಬಂತು. ಚಿಲಕ ಕೂರುವಷ್ಟು ಬಲ ಉಳಿಸಿಕೊಂಡು ಇಳಿಸಬೇಕು, ಅದೇ ಕೌಶಲ. ಆರೇಳು ಕಿಲೋಗಿಂತ ಹೆಚ್ಚು ಎಳೆತ ಬೇಕಾದ ಬಾಗಿಲು ವಯಸ್ಸಾದವರ ಪಾಲಿಗೆ ಗೋಡೆಯೇ ಎಂಬುದು ನನ್ನ ಅನುಭವ.

4. ಸ್ಕ್ರೂ ತಿರುಗಿಸುವುದು

ಕ್ಲೋಸರಿನ ಪೆಟ್ಟಿಗೆಯೊಳಗೆ ಬಲವಾದ ಒಂದು ಸ್ಪ್ರಿಂಗ್, ಹಲ್ಲುಚಕ್ರ, ಪಿಸ್ಟನ್, ಎಣ್ಣೆ. ಬಾಗಿಲು ತೆರೆದಾಗ ಸ್ಪ್ರಿಂಗ್ ಅಮುಕಿಕೊಳ್ಳುತ್ತದೆ. ಕೈಬಿಟ್ಟಾಗ ಅದು ಹಿಗ್ಗಿ ಬಾಗಿಲನ್ನು ಎಳೆಯುತ್ತದೆ. ಆದರೆ ಪಿಸ್ಟನ್ ಸರಿಯಬೇಕಾದರೆ ಎಣ್ಣೆ ಸೂಜಿಯಂಥ ಕಿಂಡಿಗಳಲ್ಲಿ ನುಸುಳಬೇಕು, ಹಾಗಾಗಿ ಬಾಗಿಲು ನಿಧಾನಕ್ಕೆ ಬರುತ್ತದೆ. ಆ ಕಿಂಡಿಗಳ ಬಾಯಿಯನ್ನು ಹಿಗ್ಗಿಸಿ ಕುಗ್ಗಿಸುವುದೇ ಸ್ಕ್ರೂಗಳ ಕೆಲಸ.

ಸಾಮಾನ್ಯವಾಗಿ ಎರಡು ಇರುತ್ತವೆ, ‘1’, ‘2’ ಎಂದೋ ‘ಎಸ್’, ‘ಎಲ್’ ಎಂದೋ ಗುರುತು. ಮೊದಲನೆಯದು ಬಾಗಿಲಿನ ಮುಖ್ಯ ಓಟಕ್ಕೆ, ಎರಡನೆಯದು ಕೊನೆಯ ಹತ್ತು ಹದಿನೈದು ಡಿಗ್ರಿಗೆ, ಅಂದರೆ ಚಿಲಕ ಕೂರುವ ಹಂತಕ್ಕೆ. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ನಿಧಾನ, ಎದುರು ದಿಕ್ಕಿಗೆ ವೇಗ. ಒಮ್ಮೆಗೆ ಎಂಟನೇ ಒಂದು ಸುತ್ತು ಸಾಕು. ತಿರುಗಿಸಿ, ಬಾಗಿಲು ಬಿಟ್ಟು ನೋಡಿ, ಮತ್ತೆ ತಿರುಗಿಸಿ. 90 ಡಿಗ್ರಿಯಿಂದ ಮುಚ್ಚಲು ಐದರಿಂದ ಏಳು ಸೆಕೆಂಡ್ ಇಟ್ಟುಕೊಂಡರೆ ಮಕ್ಕಳ ಬೆರಳೂ ಉಳಿಯುತ್ತದೆ, ಹೊಗೆಗೂ ಹೆಚ್ಚು ಸಮಯ ಸಿಗುವುದಿಲ್ಲ. ಮೊದಲು ಒಂದನೇ ಸ್ಕ್ರೂ ಸರಿಮಾಡಿ, ಆಮೇಲೆ ಎರಡನೆಯದು.

ಸ್ಕ್ರೂವನ್ನು ಯಾವ ಕಾರಣಕ್ಕೂ ಪೂರ್ತಿ ಹೊರಗೆ ತೆಗೆಯಬೇಡಿ. ಶಾರ್ಜಾದಲ್ಲಿ ಮೊದಲ ವರ್ಷ ನಾನು ತೆಗೆದೆ. ಹೊಸ ಬಿಳಿ ಯೂನಿಫಾರ್ಮಿನ ಮೇಲೆ ಎಣ್ಣೆ ಪಿಚಕಾರಿಯಂತೆ ಹಾರಿತು, ಸೂಪರ್‌ವೈಸರ್ ಕ್ಲೋಸರಿನ ಹಣ ಸಂಬಳದಲ್ಲಿ ಹಿಡಿದ. ಎಣ್ಣೆ ಹೋದ ಕ್ಲೋಸರಿಗೆ ಮತ್ತೆ ಎಣ್ಣೆ ತುಂಬಿಸಿ ಕೊಡುತ್ತೇನೆ ಎನ್ನುವವರನ್ನು ನಂಬಬೇಡಿ. ಪೆಟ್ಟಿಗೆಯ ಕೆಳಗೆ, ಬಾಗಿಲಿನ ಮೇಲೆ ಜಿಡ್ಡಿನ ಗೆರೆ ಇಳಿದಿದ್ದರೆ ಅದರ ಆಯುಷ್ಯ ಮುಗಿಯಿತು, ಬದಲಿಸಿ.

ಸ್ಕ್ರೂ ಎಷ್ಟು ತಿರುಗಿಸಿದರೂ ಚಿಲಕ ಕೂರುತ್ತಿಲ್ಲವೇ? ಆಗ ತಪ್ಪು ಕ್ಲೋಸರಿನದಲ್ಲದಿರಬಹುದು. ಚಿಲಕದ ನಾಲಗೆ ಒಣಗಿರಬಹುದು, ತಿರುಗಣೆಯ ಸ್ಕ್ರೂ ಸಡಿಲಾಗಿ ಬಾಗಿಲು ಜೋತುಬಿದ್ದು ನೆಲಕ್ಕೆ ಉಜ್ಜುತ್ತಿರಬಹುದು. ಟೈಲ್ಸ್ ಮೇಲೆ ಕಾಲುವೃತ್ತದ ಗೀರು ಕಂಡರೆ ಅದೇ.

5. ಹೊಸದು ಕೊಳ್ಳುವಾಗ

ಅಂಗಡಿಯಲ್ಲಿ ಬಾಗಿಲಿನ ಅಗಲ, ತೂಕ ಹೇಳಿ ಕೇಳಿ. ಯುರೋಪಿನ ಇಎನ್ 1154 ಎಂಬ ಮಾನಕದ ಪ್ರಕಾರ ಕ್ಲೋಸರುಗಳಿಗೆ 1ರಿಂದ 7ರವರೆಗೆ ಸೈಜುಗಳು. 3ನೇ ಸೈಜು 950 ಮಿಲಿಮೀಟರ್ ಅಗಲ, 60 ಕಿಲೋ ತೂಕದ ಬಾಗಿಲಿನವರೆಗೆ. 4ನೆಯದು 1100 ಮಿಲಿಮೀಟರ್, 80 ಕಿಲೋ. 5ನೆಯದು 1250 ಮಿಲಿಮೀಟರ್, 100 ಕಿಲೋ. ಫೈರ್ ಡೋರಿಗೆ 3ಕ್ಕಿಂತ ಕಡಿಮೆಯದು ಹಾಕಬಾರದು. ಬಲ ಹೊಂದಿಸಲು ಬರುವಂಥದ್ದನ್ನೇ, 3ರಿಂದ 6 ಎಂದು ಬರೆದದ್ದನ್ನು ಕೊಳ್ಳಿ, ಮಳೆಗಾಲಕ್ಕೆ ಬೇಕಾಗುತ್ತದೆ.

ಅಂಗಡಿಯವನು ‘ಇದು ನೋಡಿ, 90 ಡಿಗ್ರಿಗೆ ತೆರೆದರೆ ಅಲ್ಲೇ ನಿಲ್ತದೆ, ಒಳ್ಳೆ ಮಾಲು’ ಎಂದು ಹೋಲ್ಡ್ ಓಪನ್ ಕೈ ಇರುವ ಕ್ಲೋಸರ್ ಕೊಡಲು ನೋಡುತ್ತಾನೆ. ಅಂಗಡಿ ಬಾಗಿಲಿಗೆ ಒಳ್ಳೆಯದೇ. ಫೈರ್ ಡೋರಿಗೆ ಅದನ್ನು ಹಾಕಿದರೆ ತೆಂಗಿನಕಾಯಿಯನ್ನು ಕಾಸು ಕೊಟ್ಟು ಬಾಗಿಲಿನ ತಲೆಗೇ ಕಟ್ಟಿಸಿದ ಹಾಗೆ.

ಎರಡು ರೆಕ್ಕೆಯ ಬಾಗಿಲಿದ್ದರೆ ಯಾವ ರೆಕ್ಕೆ ಮೊದಲು ಮುಚ್ಚಬೇಕು ಎಂದು ಹಿಡಿದು ನಿಲ್ಲಿಸುವ ಕೋಆರ್ಡಿನೇಟರ್ ಬೇಕು. ಅದಿಲ್ಲದಿದ್ದರೆ ಮೇಲೆ ಕೂರಬೇಕಾದ ರೆಕ್ಕೆ ಮೊದಲು ಬಂದು, ಇನ್ನೊಂದು ಅದರ ಮೂತಿಗೆ ತಾಗಿ ನಿಲ್ಲುತ್ತದೆ. ಮದುವೆ ಹಾಲ್‌ಗಳ ಅಡುಗೆಮನೆ ಬಾಗಿಲಿನಲ್ಲಿ ಹೀಗೆ ನಿಂತದ್ದನ್ನು ನೀವೂ ನೋಡಿರುತ್ತೀರಿ.

6. ತೆರೆದೇ ಇರಬೇಕಾದ ಬಾಗಿಲಿಗೆ ಮ್ಯಾಗ್ನೆಟ್

ಸ್ಟ್ರೆಚರ್ ಓಡಾಡುವ ಆಸ್ಪತ್ರೆಯ ಪಡಸಾಲೆ, ವಾಕರ್, ಗಾಲಿಕುರ್ಚಿಯವರಿರುವ ಮಹಡಿ, ಇಲ್ಲೆಲ್ಲ ಬಾಗಿಲು ಹಗಲಿಡೀ ತೆರೆದಿರಬೇಕಾಗುತ್ತದೆ. ಒಂದು ನರ್ಸಿಂಗ್ ಹೋಮಿನಲ್ಲಿ ಬ್ಯಾಂಡೇಜ್ ಬಟ್ಟೆಯಿಂದ ಹಿಡಿಯನ್ನು ಗೋಡೆಯ ಮೊಳೆಗೆ ಕಟ್ಟಿದ್ದರು. ಗಂಟು ಮಾತ್ರ ಬಹಳ ಚೆನ್ನಾಗಿ ಹಾಕಿದ್ದರು. ಇಂಥ ಕಡೆಗೆ ವಿದ್ಯುತ್ ಮ್ಯಾಗ್ನೆಟ್ ಇದೆ. ಗೋಡೆಯ ಮ್ಯಾಗ್ನೆಟ್ ಬಾಗಿಲನ್ನು ಹಿಡಿದಿಟ್ಟಿರುತ್ತದೆ. ಹೊಗೆಯ ಅಲಾರಂ ಬಡಿದರೆ, ಅಥವಾ ಕರೆಂಟೇ ಹೋದರೆ ಬಿಟ್ಟುಬಿಡುತ್ತದೆ, ಕ್ಲೋಸರ್ ಬಾಗಿಲು ಮುಚ್ಚುತ್ತದೆ.

ನಮ್ಮಲ್ಲಿ ತಪ್ಪುವುದು ಇಲ್ಲೇ. ಗುಡುಗು ಬಂದರೆ ಕರೆಂಟು ಹೋಗುವ ಊರು, ದಿನಕ್ಕೆ ಆರು ಸಲ ಬಾಗಿಲು ಮುಚ್ಚಿಕೊಳ್ಳುತ್ತದೆ, ನರ್ಸುಗಳು ಬೈಯುತ್ತಾರೆ. ಎಲೆಕ್ಟ್ರಿಷಿಯನ್ ಬಂದು ಮ್ಯಾಗ್ನೆಟ್ಟನ್ನು ನೇರವಾಗಿ ಇನ್ವರ್ಟರಿಗೆ ಕೊಟ್ಟು ಹೋಗುತ್ತಾನೆ. ಆಮೇಲೆ ಅಲಾರಂ ಬಡಿದರೂ ಅದು ಬಿಡುವುದಿಲ್ಲ. ಬ್ಯಾಟರಿಯ ಬೆಂಬಲ ಇರಲಿ, ಆದರೆ ತಂತಿ ಫೈರ್ ಅಲಾರಂ ಪ್ಯಾನೆಲಿನ ರಿಲೇ, ಅಂದರೆ ಅಲಾರಂ ಬಡಿದಾಗ ಕರೆಂಟು ಕಡಿಯುವ ಸ್ವಿಚ್ಚು, ದಾಟಿಯೇ ಬರಬೇಕು. ಪರೀಕ್ಷೆ ಸರಳ: ಪ್ಯಾನೆಲಿನಲ್ಲಿ ಟೆಸ್ಟ್ ಅಲಾರಂ ಕೊಡಿ, ಬಾಗಿಲುಗಳೆಲ್ಲ ಮುಚ್ಚಿದವೋ ಎಣಿಸಿ.

7. ಮಳೆಗಾಲದ ಲೆಕ್ಕ ಬೇರೆ

ಕ್ಲೋಸರಿನ ಪುಸ್ತಿಕೆಯಲ್ಲಿ ಬರೆಯದ ಸಂಗತಿ ಇದು. ಜೂನಿನಲ್ಲಿ ಕಡಲ ಕಡೆಯಿಂದ ಗಾಳಿ ನುಗ್ಗಿದಾಗ ಪಡಸಾಲೆಯ ಕಿಟಕಿ ತೆರೆದಿದ್ದರೆ, ಆ ಒತ್ತಡಕ್ಕೆ ಮೆಟ್ಟಿಲಿನ ಬಾಗಿಲು ಒಂದಿಂಚು ತೆರೆದೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಪಾಸಾದ ಬಾಗಿಲು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಫೇಲು. ಆದ್ದರಿಂದ ನಾನು ಎರಡು ಹೊತ್ತು ನೋಡುತ್ತೇನೆ: ಪತ್ತನಾಜೆಯ (ಮೇ ಕೊನೆಯ) ಆಸುಪಾಸು ಒಮ್ಮೆ, ಮಳೆ ಕಚ್ಚಿಕೊಂಡು ಹೊಡೆಯುವಾಗ ಮತ್ತೊಮ್ಮೆ. ಎರಡನೇ ಸಲ ಕಿಟಕಿ ತೆರೆದಿಟ್ಟು ನೋಡಬೇಕು, ಚಿಲಕ ಕೂರದಿದ್ದರೆ ಸ್ಪ್ರಿಂಗಿನ ಬಲ ಸ್ವಲ್ಪ ಏರಿಸಬೇಕು.

ಮರದ ಫೈರ್ ಡೋರ್ ಮಳೆಗೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಆಚಾರಿಯನ್ನು ಕರೆದು ಉಳಿ, ಕೀಸುಳಿ ಹಿಡಿಸಬೇಡಿ. ಸೆಪ್ಟೆಂಬರಿನಲ್ಲಿ ಮರ ಕುಗ್ಗಿದಾಗ ಸಂದು ದೊಡ್ಡದಾಗುತ್ತದೆ, ಉಬ್ಬುವ ಪಟ್ಟಿಯೂ ಹೋಗಿರುತ್ತದೆ. ತಿರುಗಣೆ ಬಿಗಿಮಾಡಿ ನೋಡಿ, ಆಗದಿದ್ದರೆ ಬಾಗಿಲು ಮಾಡಿದವರನ್ನೇ ಕರೆಸಿ. ಕಬ್ಬಿಣದ ಬಾಗಿಲಿಗೆ ಉಪ್ಪುಗಾಳಿಯ ಕಾಟ. ಕಡಲಿಗೆ ಹತ್ತಿರದ ಕಟ್ಟಡಗಳಲ್ಲಿ ತಿರುಗಣೆ, ಕ್ಲೋಸರಿನ ಕೈಯ ಸ್ಕ್ರೂ ವರ್ಷದೊಳಗೆ ಕೆಂಪಾಗುತ್ತವೆ. ಸ್ಟೇನ್‌ಲೆಸ್ ಸ್ಕ್ರೂ ಹಾಕಿ.

ಬೀಗದ ಬಗ್ಗೆ ಒಂದು ಮಾತು

‘ಬಾಗಿಲು ಸದಾ ಮುಚ್ಚಿರಬೇಕು’ ಎಂದು ನಾನು ಮೀಟಿಂಗಿನಲ್ಲಿ ಹೇಳಿದ ಮರುದಿನ ಒಂದು ಕಟ್ಟಡದಲ್ಲಿ ಮೆಟ್ಟಿಲಿನ ಬಾಗಿಲಿಗೆ ಬೀಗ ಜಡಿದಿದ್ದರು. ಕಳ್ಳರ ಭಯವೂ ಸೇರಿತ್ತು. ಮುಚ್ಚಿರುವುದು ಬೇರೆ, ಬೀಗ ಹಾಕಿರುವುದು ಬೇರೆ. ಒಳಗಿನವನು ಕೀಲಿ ಇಲ್ಲದೆ ಒಂದೇ ನೂಕಿಗೆ ಹೊರಬರುವಂತಿರಬೇಕು. ಹೊರಗಿನವರನ್ನು ತಡೆಯಬೇಕಿದ್ದರೆ ಒಳಗಿನಿಂದ ಒತ್ತಿದರೆ ತೆರೆಯುವ ಪ್ಯಾನಿಕ್ ಬಾರ್ ಹಾಕಿಸಿ.

ಪುಸ್ತಕ, ಬೋರ್ಡು

ಇಂಗ್ಲೆಂಡಿನಲ್ಲಿ 2023ರ ಜನವರಿಯಿಂದ 11 ಮೀಟರಿಗಿಂತ ಎತ್ತರದ ವಸತಿ ಕಟ್ಟಡಗಳ ಸಾಮಾನ್ಯ ಜಾಗದ ಫೈರ್ ಡೋರುಗಳನ್ನು ಮೂರು ತಿಂಗಳಿಗೊಮ್ಮೆ, ಫ್ಲ್ಯಾಟುಗಳ ಮುಂಬಾಗಿಲನ್ನು ವರ್ಷಕ್ಕೊಮ್ಮೆ ನೋಡಲೇಬೇಕೆಂಬ ನಿಯಮವಿದೆ. ನಾವೂ ಅಷ್ಟು ಇಟ್ಟುಕೊಳ್ಳಬಹುದು. ಇನ್ನೂರು ಪುಟದ ನೋಟ್‌ಬುಕ್ ಸಾಕು: ಬಾಗಿಲಿನ ನಂಬರ್, ತಾರೀಕು, ಮೂರು ಪರೀಕ್ಷೆ, ಏನು ಮಾಡಿದೆವು, ಅಡ್ಡ ಏನಿತ್ತು. ಕೊನೆಯ ಕಾಲಂ ಬಿಡಬೇಡಿ. ಅದೇ ಬಾಗಿಲಿಗೆ ಮೂರು ಸಲ ಕಲ್ಲು ಬಂದಿದ್ದರೆ ಅಲ್ಲಿಯ ತೊಂದರೆ ಇನ್ನೂ ಬಗೆಹರಿದಿಲ್ಲ.

ಬೋರ್ಡು ಕನ್ನಡ, ಮಲಯಾಳ ಎರಡರಲ್ಲೂ ಇರಲಿ, ಹೊರಗಿನಿಂದ ಬಂದ ಕೆಲಸಗಾರರಿದ್ದರೆ ಹಿಂದಿಯಲ್ಲೂ. ಭಾಷೆಯ ಜಗಳ ನಮ್ಮೂರಿನಲ್ಲಿ ಎಷ್ಟು ಬೇಕಾದರೂ ಉಂಟು, ಇಲ್ಲಿ ಬೇಡ. ‘ಇದು ಬೆಂಕಿ ತಡೆಯುವ ಬಾಗಿಲು, ಅಡ್ಡ ಇಡಬೇಡಿ’ ಅಷ್ಟೇ ಬರೆಯಿರಿ, ಕೆಳಗೆ 101 ಎಂದು ದೊಡ್ಡದಾಗಿ ಹಾಕಿ.

ಒಂದು ತಿಂಗಳು ಬಿಟ್ಟು ಆ ಫ್ಲ್ಯಾಟಿಗೆ ಮತ್ತೆ ಹೋಗಿದ್ದೆ. ನಾಲ್ಕನೇ ಮಹಡಿಯ ಬಾಗಿಲು ಸದ್ದಿಲ್ಲದೆ ಮುಚ್ಚಿತು. ತೆಂಗಿನಕಾಯಿ ಏನಾಯಿತು ಎಂದರೆ, ಅಜ್ಜಿ ‘ಅದು ಎಂದೋ ಚಟ್ನಿ ಆಯ್ತು’ ಅಂದರು. ಮೂರನೇ ಮಹಡಿಯಲ್ಲಿ ಬಾಗಿಲು ಮುಚ್ಚಿತ್ತು, ಕಿಟಕಿಯ ಪ್ಲೈವುಡ್ಡೂ ಹೋಗಿತ್ತು, ಆದರೆ ಮುರಕಲ್ಲು ಗೋಡೆಯ ಬದಿಗೆ ಸರಿದು ಕೂತಿತ್ತು. ‘ಇರಲಿ ಬಿಡಿ, ಕರೆಂಟ್ ಹೋದಾಗ ಬೇಕಾಗ್ತದೆ’ ಎಂದ ವಾಚ್‌ಮನ್. ನಾನದನ್ನು ಎತ್ತಿ ಸ್ಕೂಟರಿನ ಕಾಲಡಿ ಇಟ್ಟುಕೊಂಡು ಬಂದೆ.